ಪದಚರ್ಚೆ: ‘ಕಾಸ್ಮೆಟಿಕ್ ಥ್ರೆಡ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ಮೆಕ್ಯಾನಿಕಲ್ ಓದುವ ಹುಡುಗರಿಗಾಗಿ ಫ್ರೀಕ್ಯಾಡ್ (ಯಂತ್ರದ ಭಾಗಗಳನ್ನು ಕಂಪ್ಯೂಟರ್‌ನಲ್ಲಿ ವಿನ್ಯಾಸ ಮಾಡುವ ಒಂದು ಕ್ಯಾಡ್ ಸಾಫ್ಟ್‌ವೇರ್) ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ನಟ್ಟು, ಬೋಲ್ಟುಗಳ ಅಧ್ಯಾಯದಲ್ಲಿ ಕೆಲವು ಪದಗಳು ಕೈಗೆ ಸಿಗುತ್ತಿಲ್ಲ. ನಿಮ್ಮ ಸಲಹೆ ಬೇಕು.

ಮೊದಲು ವಿಷಯ ಹೇಳಿಬಿಡುತ್ತೇನೆ. ಥ್ರೆಡ್ ಅಂದರೆ ಬೋಲ್ಟಿನ ಮೈಮೇಲೆ, ನಟ್ಟಿನ ತೂತಿನೊಳಗೆ ಸುರುಳಿಯಾಗಿ ಸುತ್ತುವ ಏಣು. ಕ್ಯಾಡ್‌ನಲ್ಲಿ ಅದನ್ನು ಮಾಡಲು ಎರಡು ದಾರಿ ಇವೆ. ಒಂದರಲ್ಲಿ 60 ಡಿಗ್ರಿಯ ‘ವಿ’ ಆಕಾರವನ್ನು ಸುರುಳಿಯ ಗುಂಟ ಓಡಿಸಿ ನಿಜವಾಗಿಯೂ ಕೊರೆಯುತ್ತೇವೆ. ಲೇತ್ ಯಂತ್ರದಲ್ಲಿ ಕೊರೆಯುವ ಟೂಲ್ ಮಾಡುವ ಕೆಲಸವನ್ನೇ ಇಲ್ಲಿ ಸಾಫ್ಟ್‌ವೇರ್ ಮಾಡುತ್ತದೆ. ಇದು ‘ಮಾಡೆಲ್ಡ್ ಥ್ರೆಡ್’. ಇನ್ನೊಂದರಲ್ಲಿ ತೂತು ನುಣ್ಣಗೇ ಇರುತ್ತದೆ. ‘ಇಲ್ಲಿ ಎಂ8 × 1.25 ಥ್ರೆಡ್ (8 ಮಿ.ಮೀ. ವ್ಯಾಸ, ಏಣಿನಿಂದ ಏಣಿಗೆ 1.25 ಮಿ.ಮೀ.) ಇದೆ, ಆಳ ಇಷ್ಟು’ ಅನ್ನುವ ಮಾಹಿತಿ ಮಾತ್ರ ಅದರ ಜೊತೆಗಿರುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಮೇಲೆ ಥ್ರೆಡ್‌ನ ಚಿತ್ರವನ್ನೂ ಅಂಟಿಸುತ್ತವೆ. ಇದು ‘ಕಾಸ್ಮೆಟಿಕ್ ಥ್ರೆಡ್’.

ಎಲ್ಲವನ್ನೂ ಕೊರೆದೇ ಬಿಡಬಹುದಲ್ವಾ ಅಂದರೆ, ಸುರುಳಿ ಅಂದರೆ ಕಂಪ್ಯೂಟರ್‌ಗೆ ಭಾರಿ ಲೆಕ್ಕ. ನೂರಾರು ಬೋಲ್ಟ್ ಇರುವ ಅಸೆಂಬ್ಲಿಯಲ್ಲಿ (ಭಾಗಗಳ ಜೋಡಣೆಯಲ್ಲಿ) ಹಾಗೆ ಮಾಡಿದರೆ ಫೈಲ್ ಎದ್ದೇಳುವುದೇ ಇಲ್ಲ. ವರ್ಕ್‌ಶಾಪ್‌ನವರಿಗೂ ಅದು ಬೇಕಿಲ್ಲ. ‘ಎಂ8’ ಅಂತ ಕಂಡರೆ ಸಾಕು, 6.8 ಮಿ.ಮೀ. ಡ್ರಿಲ್ ಹಾಕಿ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹೊಡೆಯುತ್ತಾರೆ.

ಈಗ ಪದದ ವಿಚಾರ. ಯಂತ್ರಾನುವಾದಕ್ಕೆ ಕೊಟ್ಟು ನೋಡಿದೆ. ‘ಅಲಂಕಾರಿಕ ದಾರ’ ಅಂತ ಬಂತು. ಮದುವೆ ಚಪ್ಪರಕ್ಕೆ ಕಟ್ಟಬಹುದು, ತೂತಿಗಲ್ಲ! ‘ದಾರ’ವನ್ನು ಬಿಟ್ಟರೂ ‘ಅಲಂಕಾರಿಕ’ ಒಪ್ಪುವುದಿಲ್ಲ. ಇದು ಚೆಂದಕ್ಕೆ ಮಾಡಿದ್ದಲ್ಲ. ಕಂಪ್ಯೂಟರ್ ಬರುವ ಮೊದಲೂ ಡ್ರಾಯಿಂಗ್ ಬೋರ್ಡ್ ಮೇಲೆ ಯಾರೂ ಒಂದೊಂದೇ ಸುರುಳಿ ಬರೆಯುತ್ತಾ ಕೂರುತ್ತಿರಲಿಲ್ಲ. ಥ್ರೆಡ್ ಇರುವ ತೂತನ್ನು ಎದುರಿನಿಂದ ನೋಡಿದ ಚಿತ್ರದಲ್ಲಿ ಒಳಗೆ ದಪ್ಪ ಗೆರೆಯ ಪೂರ್ತಿ ವೃತ್ತ, ಹೊರಗೆ ತೆಳು ಗೆರೆಯ ಮುಕ್ಕಾಲು ವೃತ್ತ ಬರೆಯುತ್ತಾರೆ. ಆ ಮುಕ್ಕಾಲು ವೃತ್ತ ಕಂಡರೆ ಲೇತ್ ನಡೆಸುವ ಟರ್ನರ್‌ಗೆ ಅರ್ಥವಾಗುತ್ತದೆ. ಅದೊಂದು ಗುರುತು, ಅಷ್ಟೇ.

‘ತೋರಿಕೆಯ ಥ್ರೆಡ್’ ಅಂತ ಗೆಳೆಯರೊಬ್ಬರು ಸೂಚಿಸಿದರು. ಕೇಳಲು ಚೆನ್ನಾಗಿದೆ, ಆದರೆ ‘ತೋರಿಕೆ’ಗೆ ಸುಳ್ಳಿನ ನೆರಳಿದೆ. ತೋರಿಕೆಯ ಪ್ರೀತಿ ಅನ್ನುವುದಿಲ್ವಾ, ಹಾಗೆ. ನನ್ನ ಒಲವು ‘ಗುರುತಿನ ಥ್ರೆಡ್’ ಮತ್ತು ‘ಕೊರೆದ ಥ್ರೆಡ್’ ಕಡೆಗೆ. ಈ ವ್ಯತ್ಯಾಸ ಹುಡುಗರಿಗೆ ಹೆಸರಿನಲ್ಲೇ ಗೊತ್ತಾಗಬೇಕು. ಮೊನ್ನೆ ಒಬ್ಬ ಹುಡುಗ ಎಂ8 ತೂತಿರುವ ಬ್ರ್ಯಾಕೆಟ್ ಮಾಡಿ ತ್ರೀಡಿ ಪ್ರಿಂಟ್‌ಗೆ ಕೊಟ್ಟಿದ್ದ. ‘ಮಾಡೆಲ್ ಥ್ರೆಡ್’ ಅನ್ನುವುದಕ್ಕೆ ಟಿಕ್ ಹಾಕಿರಲಿಲ್ಲ. ಪ್ರಿಂಟ್‌ಗೆ ಕೊಡುವ ಎಸ್‌ಟಿಎಲ್ ಫೈಲ್‌ಗೆ ಹೋಗುವುದು ಆಕಾರ ಮಾತ್ರ, ಮಾಹಿತಿ ಹೋಗುವುದಿಲ್ಲ. ತೂತು ನುಣ್ಣಗೆ ಬಂತು. ‘ಸಾರ್, ಥ್ರೆಡ್ ಸೆಲೆಕ್ಟ್ ಮಾಡಿದ್ನಲ್ಲ, ಎಲ್ಲಿ ಹೋಯ್ತು?’ ಅಂತ ಬೋಲ್ಟ್ ಹಿಡಿದುಕೊಂಡು ಬಂದ. ಪ್ಲಾಸ್ಟಿಕ್ ಆದ್ದರಿಂದ ಟ್ಯಾಪ್ ಹೊಡೆದು ಕೊಟ್ಟೆ, ಕೆಲಸ ನಡೆಯಿತು.

‘ಥ್ರೆಡ್’ ಅನ್ನುವುದನ್ನೇ ಇಟ್ಟುಕೊಂಡಿದ್ದೇನೆ, ಗಮನಿಸಿರಬಹುದು. ‘ಥ್ರೆಡ್ ಹೋಗಿದೆ’, ‘ಥ್ರೆಡ್ ಸವೆದಿದೆ’ ಅಂತಲೇ ಎಲ್ಲರೂ ಹೇಳುವುದು. ಆದರೂ ಒಂದು ಕುತೂಹಲ. ಹಿಂದಿಯವರು ಇದಕ್ಕೆ ‘ಚೂಡಿ’ ಅನ್ನುತ್ತಾರೆ, ಅಂದರೆ ಬಳೆ. ತಮಿಳಿನವರಿಗೆ ‘ಮರೈ’ ಇದೆ. ನಮ್ಮಲ್ಲಿ ‘ತಿರುಪು’ ಇದೆ, ಓಲೆಯ ತಿರುಪು ಎಲ್ಲರಿಗೂ ಗೊತ್ತು. ಆದರೆ ಅದು ಇಡೀ ಸ್ಕ್ರೂಗೆ ಹೇಳುವ ಮಾತು. ಮೇಲಿನ ಏಣುಗಳಿಗಷ್ಟೇ ಹೇಳುವ ಪದವನ್ನು ಅಕ್ಕಸಾಲಿಗರೋ ಕಮ್ಮಾರರೋ ಬಳಸುವುದನ್ನು ಯಾರಾದರೂ ಕೇಳಿದ್ದೀರಾ?

ಇನ್ನೊಂದು ಜೋಡಿ ‘ಪಿಚ್’ ಮತ್ತು ‘ಲೀಡ್’. ಪಕ್ಕಪಕ್ಕದ ಎರಡು ಏಣುಗಳ ನಡುವಿನ ದೂರ ಪಿಚ್. ಒಂದು ಪೂರ್ತಿ ಸುತ್ತು ತಿರುಗಿಸಿದರೆ ನಟ್ ಎಷ್ಟು ಮುಂದೆ ಹೋಗುತ್ತದೋ ಅದು ಲೀಡ್. ಮಾಮೂಲಿ ಬೋಲ್ಟ್‌ನಲ್ಲಿ ಎರಡೂ ಒಂದೇ, ಹಾಗಾಗಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ತ್ರೀಡಿ ಪ್ರಿಂಟರ್‌ಗಳಲ್ಲಿ ಜಾಸ್ತಿ ಕಾಣುವ 8 ಮಿ.ಮೀ. ಸ್ಕ್ರೂ ನೋಡಿ. ಅದರ ತುದಿಯಲ್ಲಿ ನಾಲ್ಕು ಸುರುಳಿಗಳು ಬೇರೆಬೇರೆ ಕಡೆ ಶುರುವಾಗುತ್ತವೆ. ಪಿಚ್ 2 ಮಿ.ಮೀ., ಲೀಡ್ 8 ಮಿ.ಮೀ. ಕ್ಯಾಡ್‌ನಲ್ಲಿ ಸುರುಳಿ ಬರೆಯುವಾಗ 8 ಕೊಡಬೇಕಾದ ಕಡೆ 2 ಕೊಟ್ಟರೆ ಬೇರೆ ಸ್ಕ್ರೂನೇ ಆಗಿಬಿಡುತ್ತದೆ. ‘ಪಿಚ್’ ಅಂದರೆ ನಮ್ಮ ಹುಡುಗರಿಗೆ ಚಿನ್ನಸ್ವಾಮಿ ಸ್ಟೇಡಿಯಂ, ‘ಲೀಡ್’ ಅಂದರೆ ಮತ ಎಣಿಕೆ. ‘ಏಣಂತರ’ ಮತ್ತು ‘ಸುತ್ತುನಡೆ’ ಅಂತ ಬರೆದು ನೋಡಿದೆ. ಎರಡನೆಯದು ಪರವಾಗಿಲ್ಲ ಅನ್ನಿಸುತ್ತದೆ. ಮೊದಲನೆಯದು ನಾಲಿಗೆಗೆ ತೊಡರುತ್ತದೆ, ಬದಲಿ ಸೂಚಿಸಿ.

ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಥ್ರೆಡ್, ಸೈಕಲ್‌ನ ಎಡಗಡೆಯ ಪೆಡಲ್‌ನಲ್ಲಿ ಇರುವಂಥದ್ದು, ಅದಕ್ಕೆ ಸೈಕಲ್ ಶಾಪಿನ ‘ಉಲ್ಟಾ ಥ್ರೆಡ್’ ಅನ್ನುವುದನ್ನೇ ಹಾಕಿದ್ದೇನೆ. ‘ವಾಮಾವರ್ತ’ ಹಾಕಿ ಅಂತ ಯಾರೂ ಹೇಳಬೇಡಿ ದಯವಿಟ್ಟು.