ಬಾರಿಯ ‘ಥೀಸಿಯಸ್ ಮತ್ತು ಮಿನೋಟಾರ್’ ಕಂಚು: ಹರಾಜು ಕೂಗುವ ಮುನ್ನ ಏನು ನೋಡಬೇಕು?

ಹಳೆಸರಕು:
ಪ್ಯಾರಿಸ್ಸಿನ ಹರಾಜೊಂದಕ್ಕೆ ಫ್ರೆಂಚ್ ಶಿಲ್ಪಿ ಅಂತ್ವಾನ್-ಲೂಯಿ ಬಾರಿಯ ಈ ಕಂಚಿನ ಶಿಲ್ಪ ಬಂದಿದೆ: ಗ್ರೀಕ್ ಪುರಾಣದ ವೀರ ಥೀಸಿಯಸ್, ಎತ್ತಿನ ತಲೆಯ ರಾಕ್ಷಸ ಮಿನೋಟಾರನನ್ನು ಕೊಲ್ಲುವ ದೃಶ್ಯ. ಎತ್ತರ 45 ಸೆಂ.ಮೀ. ಪೀಠದ ಮೇಲೆ ಬಾರಿಯ ಸಹಿ, ಪಕ್ಕದಲ್ಲಿ ‘ಎಫ್. ಬಾರ್ಬೆಡಿಯೆನ್’ ಎಂದು ಎರಕದ ಕಾರ್ಖಾನೆಯ ಮುದ್ರೆ. ಕಲಾವಿದ ಬದುಕಿದ್ದಾಗಲೇ ಎರಕ ಹೊಯ್ದದ್ದು ಅಂತ ವಿವರಣೆಯಲ್ಲಿದೆ. ಮಿನೋಟಾರನ ಕಾಲಿನ ಸಂದಿಯಲ್ಲಿ ತಿಳಿಹಸಿರು ಪುಡಿ ಕಾಣುತ್ತಿದೆ. ಬೆಲೆ ಹೇಳುವ ಮೊದಲು ಏನೇನು ಪರೀಕ್ಷಿಸಲಿ?

ಮುದ್ರೆಗಾರ:
ಆ ವಿವರಣೆಗೂ ಮುದ್ರೆಗೂ ತಾಳೆಯಾಗುವುದಿಲ್ಲ. ಬಾರಿ ತೀರಿಕೊಂಡದ್ದು 1875ರಲ್ಲಿ. ಎರಕ ಹೊಯ್ಯಲು ಬೇಕಾದ ಅವರ ಬಹಳಷ್ಟು ಮಾದರಿಗಳನ್ನು ಕಾರ್ಖಾನೆಯ ಮಾಲೀಕ ಬಾರ್ಬೆಡಿಯೆನ್ ಕೊಂಡದ್ದು 1876ರ ಹರಾಜಿನಲ್ಲಿ. ಹಾಗಾಗಿ ಈ ಮುದ್ರೆಯಿರುವ ಬಾರಿ ಕಂಚನ್ನು ಮರಣಾನಂತರದ ಎರಕ ಎಂದೇ ಹಿಡಿದು ಬೆಲೆ ಕಟ್ಟಿ. ಕೀಳೇನಲ್ಲ, ಬಾರ್ಬೆಡಿಯೆನ್ ಕಾರ್ಖಾನೆಯ ಉಳಿ ಕೆಲಸ ಬಹಳ ಚೊಕ್ಕ. ಆದರೆ ಕಲಾವಿದನ ಕಾಲದ ಎರಕದ ಬೆಲೆ ಕೊಡಬೇಡಿ. ‘ಲೆಬ್ಲಾಂ-ಬಾರ್ಬೆಡಿಯೆನ್’ ಎಂದಿದ್ದರೆ ಇನ್ನೂ ಈಚಿನದು. 1892ರಲ್ಲಿ ಮಾಲೀಕರು ತೀರಿಕೊಂಡ ಮೇಲೆ ಸೋದರಳಿಯ ನಡೆಸಿದ ಕಾಲದ್ದು.

ಎರಕದಮನೆ:
ಮುದ್ರೆಯನ್ನೂ ನಕಲು ಮಾಡುತ್ತಾರೆ, ಅದೊಂದನ್ನೇ ನಂಬಬೇಡಿ. ಹಳೆಯ ಕಂಚಿನಿಂದಲೇ ಅಚ್ಚು ತೆಗೆದು ಹೊಯ್ದ ನಕಲು, ಲೋಹ ತಣ್ಣಗಾಗುವಾಗ ಸುಮಾರು 1.5ರಿಂದ 2% ಕುಗ್ಗುತ್ತದೆ. 45 ಸೆಂ.ಮೀ. ಇದ್ದಲ್ಲಿ 7ರಿಂದ 9 ಮಿ.ಮೀ. ಕಡಿಮೆ. ಪೀಠ ಬೇರೆ ಹಾಕಿರಬಹುದು, ಆದ್ದರಿಂದ ಒಟ್ಟು ಎತ್ತರ ಬಿಟ್ಟು ಥೀಸಿಯಸ್‌ನ ಭುಜದಿಂದ ಮಂಡಿಯವರೆಗೆ ಕ್ಯಾಲಿಪರ್‌ನಲ್ಲಿ ಅಳೆದು ಖಚಿತವಾದ ಪ್ರತಿಯೊಂದಿಗೆ ಹೋಲಿಸಿ. ಇದೇ ಮಾದರಿ ಹಲವು ಅಳತೆಗಳಲ್ಲಿದೆ, ಹೋಲಿಸುವ ಪ್ರತಿ ಅದೇ ಅಳತೆಯದ್ದಿರಲಿ.

ಆಮೇಲೆ ಭೂತಗನ್ನಡಿ ಹಿಡಿದು ಮಿನೋಟಾರನ ಕಿವಿಯೊಳಗು, ಕೂದಲು, ಬೆರಳ ಸಂದಿ ನೋಡಿ. ನಕಲಿನಲ್ಲಿ ಇವೆಲ್ಲ ಮೇಣ ಕರಗಿದ ಹಾಗೆ ಮೊಂಡಾಗಿರುತ್ತವೆ, ಸಹಿಯ ಅಂಚೂ ಅಷ್ಟೇ. ತಲೆಕೆಳಗು ಮಾಡಿ ಒಳಗಿನ ತಿರುಪು ನೋಡಿ: ಆಲನ್ ಕೀ ಹಿಡಿಯುವ, ತಲೆಯಲ್ಲಿ ಆರು ಮೂಲೆಯ ಗುಳಿಯಿರುವ ಈ ಕಾಲದ ತಿರುಪಿದ್ದರೆ ಅನುಮಾನ ಪಡಿ. ಕಂಚಿನ ಬಣ್ಣ ಕೊಟ್ಟ ಸತುವಿನ ನಕಲೂ ಇರಬಹುದು: ಅನುಮತಿ ಕೇಳಿ ತಳದಲ್ಲಿ ಸಣ್ಣಗೆ ಗೀರಿದರೆ ಕಂಚು ಹಳದಿ, ಸತು ಬೂದು. ಅಯಸ್ಕಾಂತ ಎರಡಕ್ಕೂ ಅಂಟದು, ಅದರಿಂದ ಏನೂ ತಿಳಿಯದು.

ಕಿಲುಬು:
ಆ ಪುಡಿಯನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿಸಿ ನೋಡಿ. ಗಟ್ಟಿ ಕಡುಹಸಿರು ಅಲುಗದಿದ್ದರೆ ಅದು ಪಟಿನಾ, ಅಂದರೆ ಕಂಚಿನ ಮೇಲ್ಮೈಯ ಬಣ್ಣದ ಪದರ, ಬಾರಿ ಕಂಚುಗಳ ಸೊಬಗೇ ಅದು. ಪುಡಿ ಉದುರಿ ಕೆಳಗೆ ಗುಳಿ ಕಂಡು, ಕೆಲ ದಿನದಲ್ಲಿ ಮತ್ತೆ ಮೂಡಿದರೆ ಕ್ಲೋರೈಡ್ ಎಂಬ ಉಪ್ಪಿನಂಶ ಕಂಚನ್ನು ತಿನ್ನುತ್ತಿದೆ. ತೇವ ಸಿಕ್ಕಷ್ಟೂ ಹೆಚ್ಚುತ್ತದೆ. ಕೊಂಡ ಮೇಲೆ ಗಾಳಿಯ ಸಾಪೇಕ್ಷ ಆರ್ದ್ರತೆ (ತೇವಾಂಶ) 40%ಗಿಂತ ಕೆಳಗಿರುವ ಪೆಟ್ಟಿಗೆಯಲ್ಲಿಟ್ಟು ಸಂರಕ್ಷಣಾ ತಜ್ಞರಿಗೆ ತೋರಿಸಬೇಕಾಗುತ್ತದೆ, ಆ ಖರ್ಚನ್ನು ಈಗಲೇ ಬೆಲೆಯಿಂದ ಕಳೆದು ಕೂಗಿ. ನಮ್ಮ ಮನೆಗಳಲ್ಲಿ ಹಿತ್ತಾಳೆ ತೊಳೆವಂತೆ ಹುಣಸೆಹಣ್ಣು, ನಿಂಬೆ ದಯವಿಟ್ಟು ಮುಟ್ಟಿಸಬೇಡಿ. ಹೊಳಪು ಬರುತ್ತದೆ, ಪಟಿನಾ ಹೋಗುತ್ತದೆ, ಬೆಲೆಯೂ ಅದರ ಜೊತೆಗೇ.