ಹೊಗೆ ಹಾಕುವುದೋ, ಹೊಗೆಯಲ್ಲಿ ಬೇಯಿಸುವುದೋ?

ಕೊಡಗಿನ ಪೊನ್ನಂಪೇಟೆಯಲ್ಲಿರುವ ನಮ್ಮ ಭಾವ 200 ಲೀಟರಿನ ಹಳೇ ಕಬ್ಬಿಣದ ಡ್ರಮ್ಮಿನ ಬುಡದಲ್ಲಿ ಮೂರು ತೂತು, ಮುಚ್ಚಳದಲ್ಲಿ ಒಂದು ಕಿಂಡಿ ಕೊರೆಸಿ ಮಾಂಸ ಹೊಗೆಗಿಡುವ ಒಲೆ ಮಾಡಿದ್ದಾರೆ. ಮೊದಲ ದಿನ ಬರೀ ಸೌದೆ ಉರಿಸಿ ಒಳಗಿದ್ದ ಎಣ್ಣೆ, ಬಣ್ಣ ಎಲ್ಲ ಸುಟ್ಟು ತೆಗೆದರು. ಆಮೇಲೆ ತಳಕ್ಕೆ ಇದ್ದಿಲು, ಅದರ ಮೇಲೆ ಒಣಗಿದ ಕಾಫಿ ಕೊಂಬೆಯ ತುಂಡು, ಮೇಲಿನ ಜಾಲರಿಯಲ್ಲಿ ಹಂದಿ ಮಾಂಸ. ಬುಡದ ತೂತು ಮುಚ್ಚುತ್ತಾ ತೆಗೆಯುತ್ತಾ ಕಾವನ್ನು 110ರಿಂದ 130 ಡಿಗ್ರಿಯೊಳಗೆ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಇಟ್ಟದ್ದು ಸಂಜೆಗೆ ಬೆರಳಲ್ಲೇ ಎಳೆ ಎಳೆಯಾಗಿ ಬಿಡುತ್ತಿತ್ತು.

ಊಟಕ್ಕೆ ಕರೆಯಲು ಮೆಸೇಜು ಬರೆಯುವಾಗ ಪದ ಸಿಗಲಿಲ್ಲ. ‘ಹಂದಿಗೆ ಹೊಗೆ ಹಾಕಿದ್ದೇವೆ, ಬನ್ನಿ’ ಎಂದು ಕಳಿಸಿದೆ. ಬೆಂಗಳೂರಿನ ಗೆಳೆಯ ‘ಪಾಪ, ಯಾವಾಗ ಹೋಯ್ತು?’ ಎಂದ. ಅವರ ಕಡೆ ಹುಡುಗರ ಮಾತಲ್ಲಿ ‘ಹೊಗೆ ಹಾಕಿಸಿಕೊಂಡ’ ಅಂದರೆ ಸತ್ತ ಅಂತ. ಅತ್ತೆಯ ಪ್ರಶ್ನೆ ಬೇರೆ: ‘ಹೊಗೆ ಹಾಕೋದು ಬಾಳೆಗೊನೆಗೆ ಅಲ್ವಾ?’ ಅದೂ ಸರಿಯೇ.

ಇಲ್ಲಿ ಹಳೆಯ ಪದ ಇಲ್ಲವೆಂದಲ್ಲ. ಉಪ್ಪು, ಅರಿಸಿನ ಸವರಿ ಒಲೆಯ ಮೇಲೆ ದಿನಗಟ್ಟಲೆ ತೂಗುಹಾಕಿದ ಮಾಂಸ ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ‘ಒಣಕ್ ಎರ್ಚಿ’. ಗಮನಿಸಿ, ಹೆಸರಲ್ಲಿ ಒಣಗಿದ್ದು ಇದೆ, ಹೊಗೆ ಇಲ್ಲ! ಮಳೆಗಾಲದಲ್ಲಿ ಬಿಸಿಲು ಕಾಣದ ಊರಲ್ಲಿ ಬಿಸಿಲಿನ ಕೆಲಸವನ್ನು ಒಲೆಯೇ ಮಾಡಬೇಕಲ್ಲ. ಆದರೆ ಡ್ರಮ್ಮಿನ ಮಾಂಸ ಒಣಗುವುದಿಲ್ಲ, ಒಳಗೆ ರಸ ಹಾಗೇ ಇರುತ್ತದೆ. ಅದನ್ನು ಒಣಕಲು ಅಂದರೆ ಸುಳ್ಳಾಗುತ್ತದೆ.

‘ಹೊಗೆಯಾಡಿಸು’ ನನಗೆ ಹಿಡಿಸಲಿಲ್ಲ. ಪೇಪರಿನಲ್ಲಿ ಅಸಮಾಧಾನ ಹೊಗೆಯಾಡುವುದೇ ಜಾಸ್ತಿ. ಕಡುಬನ್ನು ‘ಹಬೆಯಲ್ಲಿ ಬೇಯಿಸು’ತ್ತೇವಲ್ಲ, ಹಾಗೆ ‘ಹೊಗೆಯಲ್ಲಿ ಬೇಯಿಸು’ ಅಂದರೆ ಯಾರಿಗೂ ವಿವರಿಸಬೇಕಿಲ್ಲ. ಒಲೆಯ ಮೇಲಿನದಕ್ಕೆ ‘ಹೊಗೆಗೆ ಒಣಗಿಸು’. ಎರಡು ಕೆಲಸ, ಎರಡು ಮಾತು.

ಉಳಿದದ್ದು ಆ ಒಲೆಯ ಹೆಸರು. ‘ಹೊಗೆಗೂಡು’ ಚೆನ್ನಾಗಿದೆ, ಆದರೆ ಅದು ಆಗಲೇ ಚಿಮಣಿಯ ಪಾಲಾಗಿದೆ. ಸದ್ಯ ಸುಮ್ನೆ ‘ಹೊಗೆಡ್ರಮ್ಮು’ ಅನ್ನುತ್ತಿದ್ದೇವೆ. ಮಲೆನಾಡು, ಕರಾವಳಿ ಕಡೆಯವರು ಮೀನೋ ಮಾಂಸವೋ ಹೊಗೆಗಿಡುವ ಜಾಗಕ್ಕೆ ಏನನ್ನುತ್ತೀರಿ?

ಇನ್ನೊಂದು. ಮಾಂಸದ ಹೊರಗೆ ಕಪ್ಪಗೆ, ಗಟ್ಟಿಯಾಗಿ ಒಂದು ಪದರ ಕಟ್ಟುತ್ತದೆ. ಖಾರ, ಉಪ್ಪು, ಹೊಗೆ ಎಲ್ಲ ಅಲ್ಲೇ ಇರುವುದು. ಅದಕ್ಕೂ ಒಂದು ಪದ ಬೇಕು. ಭಾವ ‘ತೊಗಟೆ’ ಅನ್ನುತ್ತಾರೆ. ಅತ್ತೆ ‘ಸೀದಿದೆ’ ಎಂದು ತಟ್ಟೆಯ ಬದಿಗೆ ಸರಿಸಿದರು.