ಎಣ್ಣೆಯ ರುಚಿ ತಿಳಿಯದ ನಾಲಗೆ, ಏರುವ ತೂಕ: ಸಂಬಂಧ ಇದೆಯೇ?

ಕಲ್ಸಂಕದ ಅಕ್ಕ:
ಗೋಳಿಬಜೆ ಮಾಡಿದ ಸಂಜೆ ನನ್ನ ನಾದಿನಿ ಒಂದನ್ನು ಕಾಗದದ ಮೇಲೆ ಒತ್ತಿ, ಜಿಡ್ಡು ಕಂಡೊಡನೆ ‘ಎಣ್ಣೆ ಕುಡಿದಿದೆ’ ಎಂದು ತಟ್ಟೆ ಸರಿಸುತ್ತಾಳೆ. ನನಗೆ ಅದೇ ಬಾಣಲೆಯದು ಹಗುರವೆನಿಸುತ್ತದೆ. ಚಟ್ನಿ ಮುಗಿಯುವವರೆಗೆ ಕೈ ನಿಲ್ಲದು. ತೂಕವೂ ನನ್ನದೇ ಹೆಚ್ಚು. ಅತ್ತೆ ಇದನ್ನು ಬಾಯಿಚಪಲ ಎನ್ನುತ್ತಾರೆ. ಕೊಬ್ಬಿನ ರುಚಿ ಹಿಡಿಯಲಾರದ ನಾಲಗೆಯವರೇ ದಪ್ಪಗಾಗುತ್ತಾರೆ ಎಂದು ಎಲ್ಲೋ ಓದಿದೆ. ನಿಜವಾದರೆ ಅತ್ತೆಗೆ ತೋರಿಸಲಿಕ್ಕಿದೆ.

ಮಲ್ಪೆಯ ಮೇಷ್ಟ್ರು:
ಅಕ್ಕ, ಕಾಗದದ ಜಿಡ್ಡನ್ನು ಹಿಡಿದದ್ದು ನಾದಿನಿಯ ಕಣ್ಣು, ನಾಲಗೆಯಲ್ಲ! ಪ್ರಯೋಗಗಳಲ್ಲಿ ಮೂಗಿಗೂ ಕ್ಲಿಪ್ ಹಾಕುತ್ತಾರೆ, ವಾಸನೆ ಚಾಡಿ ಹೇಳಬಾರದೆಂದು.

ರುಚಿಮೊಗ್ಗುಗಳಲ್ಲಿ ಸಿಡಿ36 ಎಂಬ ಪ್ರೋಟೀನ್ ಇದೆ. ಅದು ಹಿಡಿಯುವುದು ಎಣ್ಣೆ ಒಡೆದಾಗ ಬಿಡುಗಡೆಯಾಗುವ ಕೊಬ್ಬಿನಾಮ್ಲವನ್ನು. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 21 ಜನರಿಗೆ ಮೂರು ಮೂರು ಲೋಟ ಕೊಟ್ಟಿದ್ದರು. ಕೊಬ್ಬು ಇದ್ದದ್ದು ಒಂದರಲ್ಲಿ ಮಾತ್ರ. ಈ ಪ್ರೋಟೀನ್ ಹೆಚ್ಚಾಗಿ ತಯಾರಾಗುವವರ ನಾಲಗೆ, ಅದರ ಅರ್ಧದಷ್ಟೇ ತಯಾರಾಗುವವರಿಗಿಂತ 8 ಪಟ್ಟು ಸೂಕ್ಷ್ಮವಾಗಿತ್ತು. ಸುದ್ದಿಯಾದದ್ದು ಇಷ್ಟೇ. ಆದರೆ ಆ 21 ಜನರೂ ಬೊಜ್ಜಿನವರೇ ಎಂಬುದನ್ನು ಹೇಳುವವರಿಲ್ಲ. ಚುರುಕು ನಾಲಗೆಯವರೂ ದಪ್ಪ, ಮಂಕು ನಾಲಗೆಯವರೂ ದಪ್ಪ! 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ತೆಳ್ಳಗಿನವರ ಮತ್ತು ದಪ್ಪಗಿನವರ ನಾಲಗೆಗಳ ನಡುವೆ ವ್ಯತ್ಯಾಸ ಸಿಗಲಿಲ್ಲ.

ಕುಂದಾಪುರದ ಕೇಟರಿಂಗ್‌ನವರು:
ಎಣ್ಣೆ ಸರಿಯಾಗಿ ಕಾಯದಿದ್ದರೆ, ಹಿಟ್ಟು ನೀರಾಗಿದ್ದರೆ ಬಜೆ ಎಣ್ಣೆ ಕುಡಿದೇ ಕುಡಿಯುತ್ತದೆ. ಮೊದಲು ಬಾಣಲೆಯನ್ನು ವಿಚಾರಿಸಿ, ಆಮೇಲೆ ಪ್ರೋಟೀನನ್ನು.

ಕಲ್ಸಂಕದ ಅಕ್ಕ:
ಬಾಣಲೆ ಸರಿಯಾಗಿಯೇ ಇದೆ! ಮೇಷ್ಟ್ರೇ, ಹಾಗಾದರೆ ನಾಲಗೆಯ ಪಾತ್ರವೇ ಇಲ್ಲವೇ?

ಮಲ್ಪೆಯ ಮೇಷ್ಟ್ರು:
ಇದೆ, ಆದರೆ ದಾರಿ ತಿರುಗುಮುರುಗು ಇರಬಹುದು. ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವಾರ ಕೊಬ್ಬು ಕಡಿಮೆ ಮಾಡಿ ಉಂಡವರ ನಾಲಗೆ ಚುರುಕಾಯಿತು; ಹೆಚ್ಚು ಕೊಬ್ಬು ತಿಂದ ತೆಳ್ಳಗಿನವರದು ಮಂಕಾಯಿತು. ಎಂದರೆ ನಾಲಗೆ ಮಂಕಾಗಿ ತಿನ್ನುವುದಕ್ಕಿಂತ, ತಿಂದು ತಿಂದೇ ನಾಲಗೆ ಮಂಕಾಗುವುದುಂಟು. ನಾನಾದರೆ ಅತ್ತೆಗೆ ಈ ಭಾಗ ತೋರಿಸುವುದಿಲ್ಲ. ತೆಂಗಿನೆಣ್ಣೆಯಾದರೆ ಪರವಾಗಿಲ್ಲ ಎನ್ನುವವರು ಇಲ್ಲಿಗೂ ಬಂದೇ ಬರುತ್ತಾರೆ, ಅದಕ್ಕೆ ಮೊದಲೇ ಹೇಳುತ್ತೇನೆ: ಎಣ್ಣೆ ಯಾವುದಾದರೂ ಗ್ರಾಂಗೆ ಸುಮಾರು 9 ಕ್ಯಾಲೊರಿ, ಮೈದಾದ ಪಿಷ್ಟಕ್ಕೆ 4.